ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಪರದೆ ಬಾರದಿದ್ದರೆ, ಲಾಗಿನ್ ಆಗದಿದ್ದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಆಸುಪಾಸಿನ ಒಂದು ವಾಚನಾಲಯ, ಎರಡು ಶಾಲೆ, ಮತ್ತೆ ಒಂದಷ್ಟು ಮನೆಗಳ ಹಳೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ಎಲ್ಲವೂ ಹತ್ತು ಹದಿನೈದು ವರ್ಷ ದಾಟಿದ ಯಂತ್ರಗಳು, ಎಲ್ಲದರಲ್ಲೂ ಉಬುಂಟು, ಮಿಂಟ್, ಡೆಬಿಯನ್ ಹೀಗೆ ಯಾವುದಾದರೂ ಒಂದು ಬಗೆಯ ಲಿನಕ್ಸ್. ಜೂನ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಬೇಸಗೆ ರಜೆಯಿಡೀ ಮುಚ್ಚಿದ್ದ ಲ್ಯಾಬಿನ ಬಾಗಿಲು ಆಗ ತೆರೆಯುತ್ತದೆ. ಅಷ್ಟರಲ್ಲಿ ಮೊದಲ ಮಳೆಯ ತೇವ ಒಳಗೆ ಸೇರಿರುತ್ತದೆ. ಅವರು ಕೇಳಿದ್ದನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನೇ ಹೇಳುತ್ತೇನೆ. ಅದಕ್ಕಾಗಿ ಒಮ್ಮೆ ಬರೆದಿಟ್ಟೆ.

ಆದೇಶಗಳನ್ನು ಫೋನಿನಲ್ಲಿ ಹೇಳಿ ಬರೆಸುವ ಹಾಗೆಯೇ ಇಲ್ಲಿ ಕೊಟ್ಟಿದ್ದೇನೆ. ನಾನು ಬೇರೆ ಹೇಳದ ಹೊರತು ಎಲ್ಲವನ್ನೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡಿ, ಪದಗಳ ನಡುವೆ ಜಾಗ ಬಿಡಿ, ಕೊನೆಗೆ ಎಂಟರ್ ಒತ್ತಿ. ಅಡ್ಡಗೆರೆ ಎಂದರೆ ಸೊನ್ನೆಯ ಪಕ್ಕದ ಕೀಲಿಯಲ್ಲಿರುವ ಗೆರೆ. ಓರೆಗೆರೆ ಎಂದರೆ ಪ್ರಶ್ನಾರ್ಥಕ ಚಿಹ್ನೆಯ ಕೀಲಿಯಲ್ಲಿ ಇರುವುದು. ಹೆಸರು ಉದ್ದವಿದ್ದರೆ ಮೊದಲ ಮೂರು ನಾಲ್ಕು ಅಕ್ಷರ ಹಾಕಿ ಟ್ಯಾಬ್ ಕೀಲಿ ಒತ್ತಿ, ಉಳಿದದ್ದನ್ನು ಅದೇ ತುಂಬಿಕೊಳ್ಳುತ್ತದೆ.

ಪರದೆ ಪೂರ್ತಿ ಕಪ್ಪಾಗಿದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ. ಬೇರೆ ದಾರಿ ಇಲ್ಲವೇ?

ಇದೆ. ಮೊದಲು ಸಿಪಿಯು ಪೆಟ್ಟಿಗೆಯನ್ನು ರಿಕ್ಷಾದಿಂದ ಕೆಳಗಿಳಿಸಿ.

ಯಕ್ಷಗಾನ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಕಣ್ಣಿಗೆ ಬೀಳುವ ಚಿತ್ರ, ಕಿಟಕಿ, ಮೆನು ಇವೆಲ್ಲ ಮುಮ್ಮೇಳ. ಲಿನಕ್ಸ್‌ನ ತಿರುಳಾದ ಕರ್ನಲ್, ಡಿಸ್ಕ್, ನಿಮ್ಮ ಕಡತಗಳು ಹಿಮ್ಮೇಳ. ವೇಷಧಾರಿ ಚೌಕಿಯಿಂದ ಹೊರಗೆ ಬರಲಿಲ್ಲ ಎಂದ ಮಾತ್ರಕ್ಕೆ ಚೆಂಡೆ ಮದ್ದಲೆ ಒಡೆದುಹೋಗಿದೆ ಎಂದಲ್ಲ. ಲಿನಕ್ಸ್‌ನಲ್ಲಿ ಇಂಥ ಹಳೆಯ ಯಂತ್ರಗಳ ಪರದೆಯ ಮೇಲೆ ಚಿತ್ರ ಬಿಡಿಸುವುದು ಎಕ್ಸ್ ಎಂಬ ಪ್ರತ್ಯೇಕ ಪ್ರೋಗ್ರಾಮಿನ ಕೆಲಸ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ್ದು ಅದು. ನಮ್ಮ ಹಳೆಯ ಯಂತ್ರಗಳಲ್ಲಿ ಓಡುತ್ತಿರುವ ಹನ್ನೊಂದನೆಯ ಆವೃತ್ತಿ 1987ರದ್ದು. ಎಕ್ಸ್‌ನ ಮೇಲೆ ಹೆಸರು, ಪಾಸ್‌ವರ್ಡ್ ಕೇಳುವ ಡಿಸ್‌ಪ್ಲೇ ಮ್ಯಾನೇಜರ್ ನಿಲ್ಲುತ್ತದೆ. ಅದಕ್ಕೆ ಲೈಟ್‌ಡಿಎಂ, ಜಿಡಿಎಂ, ಎಸ್‌ಡಿಡಿಎಂ ಹೀಗೆ ಬೇರೆ ಬೇರೆ ಹೆಸರು. ಲಾಗಿನ್ ಆದ ಮೇಲೆ ಬರುವ ಡೆಸ್ಕ್‌ಟಾಪ್ ಮೂರನೆಯದು. ಈ ಮೂರರಲ್ಲಿ ಯಾವುದು ಮುಗ್ಗರಿಸಿತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಫಾರ್ಮ್ಯಾಟ್ ಮಾಡುವವರು ಈ ಪ್ರಶ್ನೆಯನ್ನೇ ಕೇಳುವುದಿಲ್ಲ, ನನ್ನ ಸಿಟ್ಟಿರುವುದು ಅಲ್ಲಿ.

ಪರೀಕ್ಷೆ ಹೀಗೆ. ಕ್ಯಾಪ್ಸ್ ಲಾಕ್ ಒತ್ತಿ. ಕೀಲಿಮಣೆಯ ದೀಪ ಹತ್ತಿ ಆರುತ್ತಿದ್ದರೆ ಕರ್ನಲ್ ಬದುಕಿದೆ. ಈಗ ಕಂಟ್ರೋಲ್ ಮತ್ತು ಆಲ್ಟ್ ಹಿಡಿದುಕೊಂಡು ಎಫ್3 ಒತ್ತಿ. ಕೆಲವು ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಕೀಲಿಯನ್ನೂ ಜೊತೆಗೆ ಹಿಡಿಯಬೇಕು. ಕಪ್ಪು ಪರದೆಯಲ್ಲಿ ಬಿಳಿ ಅಕ್ಷರದಲ್ಲಿ ಲಾಗಿನ್ ಎಂದು ಬಂದರೆ ನಿಮ್ಮ ಕಡತಗಳಿಗೆ ಬಹುಮಟ್ಟಿಗೆ ಏನೂ ಆಗಿಲ್ಲ, ನೆಮ್ಮದಿಯಾಗಿ ಒಂದು ಚಹಾ ಕುಡಿದು ಬನ್ನಿ. ಒಳಗೆ ಹೋಗಿ ಲಾಗಿನ್ ಪರದೆಯನ್ನು ಮತ್ತೆ ಎಬ್ಬಿಸಲು: ಸುಡೊ, ಸರ್ವಿಸ್, ಲೈಟ್‌ಡಿಎಂ, ರೀಸ್ಟಾರ್ಟ್. ಸುಡೊ ಎಂದರೆ ಯಂತ್ರದ ಯಜಮಾನನ ಅಧಿಕಾರದಲ್ಲಿ ಮಾಡು ಎಂದು ಹೇಳುವುದು. ಉಬುಂಟು 15.04 ಅಥವಾ ಅದರ ನಂತರದ್ದಾದರೆ ಸುಡೊ, ಸಿಸ್ಟಂಸಿಟಿಎಲ್, ರೀಸ್ಟಾರ್ಟ್, ಲೈಟ್‌ಡಿಎಂ. ಕ್ರಮ ಅದಲುಬದಲಾಗಿರುವುದನ್ನು ಗಮನಿಸಿ. ಚಿತ್ರದ ಪರದೆಗೆ ಮರಳುವುದಕ್ಕೆ ಹಳೆಯ ಉಬುಂಟು ಮತ್ತು ಮಿಂಟ್‌ನಲ್ಲಿ ಕಂಟ್ರೋಲ್ ಆಲ್ಟ್ ಎಫ್7. ಜಿಡಿಎಂ ಇರುವ ಹೊಸ ಆವೃತ್ತಿಗಳಲ್ಲಿ ಎಫ್1 ಅಥವಾ ಎಫ್2.

ಆ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಟೈಪ್ ಆಗುತ್ತಲೇ ಇಲ್ಲ.

ಆಗುತ್ತಿದೆ, ಕಾಣುವುದಿಲ್ಲ ಅಷ್ಟೇ. ಚುಕ್ಕೆಯೂ ಬರುವುದಿಲ್ಲ, ನಕ್ಷತ್ರವೂ ಬರುವುದಿಲ್ಲ. ಪೂರ್ತಿ ಟೈಪ್ ಮಾಡಿ ಎಂಟರ್ ಒತ್ತಿ.

ಪಾಸ್‌ವರ್ಡ್ ಸರಿಯಾಗಿಯೇ ಹಾಕುತ್ತಿದ್ದೇನೆ. ತಪ್ಪು ಎನ್ನುತ್ತದೆ.

ನಿಮ್ಮನ್ನು ನಂಬುತ್ತೇನೆ, ಕೀಲಿಮಣೆಯನ್ನು ನಂಬುವುದಿಲ್ಲ. ಹೆಸರು ಹಾಕುವ ಜಾಗದಲ್ಲಿ, ಸುತ್ತ ಯಾರೂ ಇಲ್ಲದಾಗ, ಪಾಸ್‌ವರ್ಡನ್ನು ಟೈಪ್ ಮಾಡಿ ನೋಡಿ. ಅಲ್ಲಿ ಕಣ್ಣಿಗೆ ಕಾಣುತ್ತದೆ. ನೋಡಿದ ಮೇಲೆ ಅಳಿಸಿಬಿಡಿ.

ಒಮ್ಮೆ ಕಾಪುವಿನ ಕಡೆಯ ಒಬ್ಬ ಅಧ್ಯಾಪಕರ ಮನೆಗೆ ಇದಕ್ಕೆಂದೇ ಹೋಗಿದ್ದೆ. ಅವರ ಪಾಸ್‌ವರ್ಡ್ ಕಂಬಳ ಎಂಬ ಪದ, ಇಂಗ್ಲಿಷ್ ಅಕ್ಷರಗಳಲ್ಲಿ. ಈಗ ಬದಲಿಸಿದ್ದಾರೆ, ಹಾಗಾಗಿ ಹೇಳುತ್ತಿದ್ದೇನೆ. ಹೆಸರಿನ ಜಾಗದಲ್ಲಿ ಹಾಕಿ ನೋಡಿದರೆ ಕೆ ಬದಲು 2, ಎಂ ಬದಲು 0, ಎಲ್ ಬದಲು 3 ಬಂತು. ಎ ಮತ್ತು ಬಿ ಮಾತ್ರ ಸರಿಯಾಗಿದ್ದವು. ಪಕ್ಕದಲ್ಲಿ ಪ್ರತ್ಯೇಕ ಅಂಕೆಗಳ ಕೀಲಿ ಇಲ್ಲದ ಹಳೆಯ ಸಣ್ಣ ಲ್ಯಾಪ್‌ಟಾಪುಗಳಲ್ಲಿ ನಮ್ ಲಾಕ್ ಬಿದ್ದರೆ ಬಲಗೈ ಅಕ್ಷರಗಳು ಅಂಕೆಗಳಾಗುತ್ತವೆ: ಜೆ, ಕೆ, ಎಲ್ ಹೋಗಿ 1, 2, 3, ಯು, ಐ, ಒ ಹೋಗಿ 4, 5, 6. ಕೀಲಿಗಳ ಮೂಲೆಯಲ್ಲಿ ನೀಲಿ ಬಣ್ಣದಲ್ಲೋ ಬೂದು ಬಣ್ಣದಲ್ಲೋ ಆ ಅಂಕೆಗಳನ್ನು ಅಚ್ಚು ಹಾಕಿರುತ್ತಾರೆ. ಮಗು ಆಟವಾಡುತ್ತಾ ಒತ್ತಿತ್ತಂತೆ. ನಾನು ಮಾಡಿದ್ದು ಒಂದು ಕೀಲಿ ಒತ್ತಿದ್ದು. ಅದಕ್ಕೆ ಅವರು ನೀರುದೋಸೆಯ ಊಟ ಹಾಕಿಸಿದರು.

ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ: ಕನ್ನಡ ಕೀಲಿಮಣೆ. ಇಡೀ ಯಂತ್ರಕ್ಕೆ ಕನ್ನಡ ವಿನ್ಯಾಸ ಹಾಕಿಟ್ಟರೆ ಲಾಗಿನ್ ಪರದೆಯಲ್ಲೂ ಅದೇ ಇರುತ್ತದೆ. ನೀವು ಇಂಗ್ಲಿಷಿನಲ್ಲಿ ಹಾಕುತ್ತಿದ್ದೇನೆ ಎಂದುಕೊಂಡಿರುತ್ತೀರಿ, ಚುಕ್ಕೆಗಳ ಹಿಂದೆ ಕನ್ನಡ ಅಕ್ಷರ ಬೀಳುತ್ತಿರುತ್ತದೆ. ಲಾಗಿನ್ ಪರದೆಯ ಮೂಲೆಯಲ್ಲಿ ಭಾಷೆಯ ಗುರುತು ಇದ್ದರೆ ಅಲ್ಲಿ ಬದಲಿಸಿ. ಇಲ್ಲದಿದ್ದರೆ ಕಪ್ಪು ಪರದೆಯಿಂದ ಒಳಗೆ ಹೋಗಿ, ಇಟಿಸಿ ಎಂಬ ಸೆಟ್ಟಿಂಗ್‌ಗಳ ಕಡತಕೋಶದ ಒಳಗಿನ ಡಿಫಾಲ್ಟ್ ಎಂಬ ಕಡತಕೋಶದಲ್ಲಿ ಕೀಬೋರ್ಡ್ ಎಂಬ ಕಡತವನ್ನು ತೆರೆಯಿರಿ. ಅದರಲ್ಲಿ ಲೇಔಟ್ ಎಂಬ ಸಾಲಿನಲ್ಲಿ ಯುಎಸ್ ಮೊದಲು ಬರಬೇಕು, ಐಎನ್ ಆಮೇಲೆ. ಹೀಗೆ ಮಾಡುವುದಕ್ಕಿಂತ ಕನ್ನಡವನ್ನು ಐಬಸ್ ಎಂಬ ಟೈಪಿಂಗ್ ಸಾಧನದ ಮೂಲಕ ಹಾಕಿಕೊಳ್ಳುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎಂ17ಎನ್ ಪ್ಯಾಕೇಜು ಹಾಕಿದರೆ ಐಬಸ್‌ನಲ್ಲಿ ಕೆಜಿಪಿ ವಿನ್ಯಾಸ ಸಿಗುತ್ತದೆ. ನುಡಿ ಬಳಸಿದ ಕೈಗೆ ಅದು ಹೊಸದಲ್ಲ. ಅದರ ಮೂಲ ರೂಪಿಸಿದ ಕೆ.ಪಿ. ರಾವ್ ಮಂಗಳೂರಿನ ಪಕ್ಕದ ಕಿನ್ನಿಕಂಬಳದವರು ಎಂದು ಹೇಳಿಕೊಳ್ಳುವುದರಲ್ಲಿ ನನಗೆ ಸ್ವಲ್ಪ ಊರಿನ ಅಭಿಮಾನವೂ ಇದೆ.

ನಿಜವಾಗಿಯೂ ಪಾಸ್‌ವರ್ಡ್ ಮರೆತಿದ್ದೇನೆ.

ಯಂತ್ರ ಶುರುವಾಗುವಾಗ ಶಿಫ್ಟ್ ಹಿಡಿದುಕೊಳ್ಳಿ. ಯುಇಎಫ್ಐ ಎಂಬ ಹೊಸ ಬಗೆಯ ಆರಂಭಿಕ ತಂತ್ರಾಂಶ ಇರುವ ಯಂತ್ರವಾದರೆ ಎಸ್ಕೇಪ್ ಕೀಲಿ. ಗ್ರಬ್ ಎಂಬ ಪಟ್ಟಿ ಬರುತ್ತದೆ. ಉಬುಂಟು, ಮಿಂಟ್‌ಗಳಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ರಿಕವರಿ ಮೋಡ್, ಅದರೊಳಗೆ ರೂಟ್, ಎಂದರೆ ಯಂತ್ರದ ಯಜಮಾನ. ಈಗ ಎರಡು ಆದೇಶ. ಮೊದಲನೆಯದು: ಮೌಂಟ್, ಅಡ್ಡಗೆರೆ ಒ, ರಿಮೌಂಟ್ ಅಲ್ಪವಿರಾಮ ಆರ್‌ಡಬ್ಲ್ಯು, ಓರೆಗೆರೆ. ಅಡ್ಡಗೆರೆಗೂ ಒ ಅಕ್ಷರಕ್ಕೂ ನಡುವೆ ಜಾಗ ಬೇಡ, ಅಲ್ಪವಿರಾಮದ ಅಕ್ಕಪಕ್ಕವೂ ಬೇಡ. ಇದನ್ನು ಬಿಟ್ಟರೆ ಡಿಸ್ಕ್ ಬರೆಯಲು ಬಿಡುವುದಿಲ್ಲ. ಎರಡನೆಯದು: ಪಾಸ್ ಎಂದು ಬರೆದು ಅದಕ್ಕೆ ಅಂಟಿಕೊಂಡು ಡಬ್ಲ್ಯು ಡಿ, ಆಮೇಲೆ ಬಳಕೆದಾರನ ಹೆಸರು. ಹೊಸ ಪಾಸ್‌ವರ್ಡನ್ನು ಎರಡು ಸಲ ಕೇಳುತ್ತದೆ.

ಒಂದು ಎಚ್ಚರಿಕೆ. ಲಿನಕ್ಸ್ ಹಾಕುವಾಗ ನಿಮ್ಮ ಕಡತಗಳೆಲ್ಲ ಇರುವ ಹೋಂ ಕಡತಕೋಶವನ್ನು ಗೂಢಲಿಪಿಯಲ್ಲಿ ಇಡುವ ಆಯ್ಕೆ ಹಾಕಿದ್ದರೆ ಹೀಗೆ ಬದಲಿಸಿದ ಪಾಸ್‌ವರ್ಡ್ ಬಾಗಿಲು ತೆರೆಯುತ್ತದೆ, ಪೆಟ್ಟಿಗೆ ತೆರೆಯುವುದಿಲ್ಲ. ಅಂಥವರು ಹಳೆಯ ಪಾಸ್‌ವರ್ಡನ್ನು ಹೇಗಾದರೂ ನೆನಪು ಮಾಡಿಕೊಳ್ಳಲೇಬೇಕು.

ಪಾಸ್‌ವರ್ಡ್ ಒಪ್ಪಿಕೊಳ್ಳುತ್ತದೆ, ಪರದೆ ಒಮ್ಮೆ ಮಿನುಗುತ್ತದೆ, ಮತ್ತೆ ಪಾಸ್‌ವರ್ಡ್ ಕೇಳುತ್ತದೆ. ಹೀಗೇ ಸುತ್ತುತ್ತಿದೆ.

ನನಗೆ ಬರುವ ಕರೆಗಳ ರಾಜ ಇದು. ತಪ್ಪು ಪಾಸ್‌ವರ್ಡ್ ಎಂದು ಹೇಳದೆ ಹಿಂದಕ್ಕೆ ಕಳಿಸುತ್ತಿದೆ ಎಂದರೆ ಪಾಸ್‌ವರ್ಡ್ ಸರಿ ಇದೆ, ಡೆಸ್ಕ್‌ಟಾಪ್ ಶುರುವಾಗಲು ಹೋಗಿ ಸತ್ತಿದೆ. ಕಾರಣಗಳು ನಾಲ್ಕಾರು, ನಾನು ನೋಡುವ ಕ್ರಮದಲ್ಲಿಯೇ ಹೇಳುತ್ತೇನೆ.

ಮೊದಲು ಡಿಸ್ಕ್ ತುಂಬಿದೆಯೇ ನೋಡಿ. ಕಂಟ್ರೋಲ್ ಆಲ್ಟ್ ಎಫ್3, ಲಾಗಿನ್, ಆಮೇಲೆ ಡಿಎಫ್, ಅಡ್ಡಗೆರೆ ಎಚ್. ಒಂದು ಪಟ್ಟಿ ಬರುತ್ತದೆ. ಕೊನೆಯ ಅಂಕಣದಲ್ಲಿ ಬರಿಯ ಓರೆಗೆರೆ ಇರುವ ಸಾಲಿನಲ್ಲಿ 100% ಎಂದಿದ್ದರೆ ಅಪರಾಧಿ ಸಿಕ್ಕಿದ. ಡೆಸ್ಕ್‌ಟಾಪ್ ಶುರುವಾಗುವಾಗ ನಾಲ್ಕು ಸಣ್ಣ ಕಡತಗಳನ್ನು ಬರೆಯಬೇಕು, ಬರೆಯಲು ಜಾಗವಿಲ್ಲ, ಹೊರಗೆ ಬೀಳುತ್ತದೆ. ಇಎಕ್ಸ್‌ಟಿ4 ಡಿಸ್ಕಿನಲ್ಲಿ ವಾಡಿಕೆಯಂತೆ ಶೇಕಡಾ 5ರಷ್ಟು ಜಾಗ ರೂಟ್‌ಗೆ ಮೀಸಲು. ಹಾಗಾಗಿ ಯಂತ್ರ ಏಳುತ್ತದೆ, ಲಾಗಿನ್ ಪರದೆ ಬರುತ್ತದೆ, ನಿಮಗೆ ಮಾತ್ರ ಪ್ರವೇಶವಿಲ್ಲ.

ನಮ್ಮ ವಾಚನಾಲಯದ ಯಂತ್ರಕ್ಕೆ ಆದದ್ದೂ ಇದೇ. ಬೆಳಿಗ್ಗೆ ಪತ್ರಿಕೆ ಓದಲು ಬರುವ ಹಿರಿಯರೊಬ್ಬರು ಇಡೀ ರಾತ್ರಿಯ ಯಕ್ಷಗಾನ ಆಟಗಳ ವಿಡಿಯೊವನ್ನು ಪೆನ್‌ಡ್ರೈವಿನಲ್ಲಿ ತಂದು ತಂದು ತುಂಬಿಸಿದ್ದರು. 160 ಜಿಬಿಯ ಡಿಸ್ಕು. ಕೇಳಿದರೆ, "ಅಳಿಸಿದ್ದೇನಲ್ಲ" ಎಂದರು. ಅಳಿಸಿದ್ದರು ನಿಜ, ಎಲ್ಲವೂ ಕಸದಬುಟ್ಟಿಯಲ್ಲಿ ಭದ್ರವಾಗಿ ಕುಳಿತಿತ್ತು. ಕಸದಬುಟ್ಟಿ ಇರುವುದು ಹೋಂ ಒಳಗೆ ಚುಕ್ಕೆ ಲೋಕಲ್, ಅದರೊಳಗೆ ಶೇರ್, ಅದರೊಳಗೆ ದೊಡ್ಡಕ್ಷರದ ಟಿಯಿಂದ ಶುರುವಾಗುವ ಟ್ರ್ಯಾಶ್. ಅದನ್ನು ಖಾಲಿ ಮಾಡಿ. ಸುಡೊ, ಎಪಿಟಿ ಅಡ್ಡಗೆರೆ ಗೆಟ್, ಕ್ಲೀನ್ ಎಂದು ಹಾಕಿದರೆ ಇಳಿಸಿಟ್ಟ ಹಳೆಯ ಪ್ಯಾಕೇಜುಗಳು ಹೋಗಿ ಇನ್ನಷ್ಟು ಜಾಗ ಸಿಗುತ್ತದೆ. ಚುಕ್ಕೆ ಎಕ್ಸ್‌ಸೆಷನ್ ಅಡ್ಡಗೆರೆ ಎರರ್ಸ್ ಎಂಬ ಕಡತವನ್ನೂ ನೋಡಿ. ದೂರುಗಳನ್ನು ಬರೆದಿಡುವ ಪುಸ್ತಕ ಅದು, ಕೆಲವೊಮ್ಮೆ ಅದೇ ಹಲವು ಜಿಬಿ ಬೆಳೆದು ಡಿಸ್ಕನ್ನು ನುಂಗಿರುತ್ತದೆ. ಅಳಿಸುವ ಮೊದಲು ಕೊನೆಯ ಇಪ್ಪತ್ತು ಸಾಲು ಓದಿಕೊಳ್ಳಿ.

ಡಿಸ್ಕಿನಲ್ಲಿ ಜಾಗವಿದ್ದರೆ ಮುಂದಿನ ಸಂಶಯ ಚುಕ್ಕೆ ಎಕ್ಸ್ಅಥಾರಿಟಿ ಎಂಬ ಕಡತದ ಮೇಲೆ. ಎಕ್ಸ್ ಮಾತ್ರ ದೊಡ್ಡಕ್ಷರ, ಉಳಿದದ್ದು ಸಣ್ಣದು. ಈ ಪರದೆಯ ಮೇಲೆ ಬರೆಯಲು ನಿಮಗೆ ಹಕ್ಕಿದೆ ಎಂಬ ಚೀಟಿ ಅದರಲ್ಲಿರುತ್ತದೆ. ಎಲ್‌ಎಸ್, ಅಡ್ಡಗೆರೆ ಎಲ್‌ಎ ಎಂದು ಹಾಕಿ ಪಟ್ಟಿ ನೋಡಿ. ಆ ಕಡತದ ಎದುರು ನಿಮ್ಮ ಹೆಸರಿನ ಬದಲು ರೂಟ್ ಎಂದಿದ್ದರೆ, ಚೀಟಿ ಬೇರೆಯವರ ಕಿಸೆ ಸೇರಿದೆ. ಯಾರೋ ಸುಡೊ ಸ್ಟಾರ್ಟ್‌ಎಕ್ಸ್ ಎಂದು ಹಾಕಿದ್ದಾರೆ, ಅಥವಾ ಸುಡೊ ಹಾಕಿ ಚಿತ್ರದ ಪ್ರೋಗ್ರಾಮನ್ನು ತೆರೆದಿದ್ದಾರೆ. 19.10ಕ್ಕಿಂತ ಹಿಂದಿನ ಉಬುಂಟುಗಳಲ್ಲಿ ಸುಡೊ ನಿಮ್ಮ ಹೋಂ ಅನ್ನೇ ಬಳಸಿಕೊಳ್ಳುತ್ತಿತ್ತು, ಅಲ್ಲಿ ರೂಟ್ ಹೆಸರಿನ ಕಡತಗಳನ್ನು ಬಿಟ್ಟುಹೋಗುತ್ತಿತ್ತು. ಸುಡೊ, ಆರ್‌ಎಂ, ಕಡತದ ಹೆಸರು ಎಂದು ಅಳಿಸಿಬಿಡಿ. ಮುಂದಿನ ಲಾಗಿನ್‌ನಲ್ಲಿ ಹೊಸದು ಹುಟ್ಟುತ್ತದೆ. ಚುಕ್ಕೆ ಐಸಿಇಅಥಾರಿಟಿ ಎಂಬ ಅಣ್ಣತಮ್ಮನಿದ್ದಾನೆ (ಐಸಿಇ ದೊಡ್ಡಕ್ಷರ), ಅವನಿಗೂ ಇದೇ ಮದ್ದು. ಬೇರೆ ಕಡತಗಳ ಎದುರಿಗೂ ರೂಟ್ ಎಂದಿದ್ದರೆ ಸುಡೊ, ಸಿಎಚ್ ಓನ್, ಅಡ್ಡಗೆರೆ ದೊಡ್ಡಕ್ಷರದ ಆರ್, ನಿಮ್ಮ ಹೆಸರು, ನಿಮ್ಮ ಹೋಂ ದಾರಿ. ಸಿಎಚ್ ಮತ್ತು ಓನ್ ಒಂದೇ ಪದ, ನಡುವೆ ಜಾಗವಿಲ್ಲ. ಈ ಆದೇಶವನ್ನು ಹೋಂ ದಾರಿಯ ಬದಲು ಬರಿಯ ಓರೆಗೆರೆಗೆ ಕೊಟ್ಟರೆ ಇಡೀ ಯಂತ್ರ ಕೆಡುತ್ತದೆ. ಆಗ ಫಾರ್ಮ್ಯಾಟ್ ಮಾಡಬೇಕು ಎಂದ ಅಂಗಡಿಯವರ ಮಾತೇ ಸರಿಯಾಗುತ್ತದೆ.

ಟಿಎಂಪಿ ಎಂಬ ಕಡತಕೋಶದ ಪರವಾನಗಿ ಕೆಟ್ಟಿದ್ದರೂ ಇದೇ ಲಕ್ಷಣ: ಸುಡೊ, ಸಿಎಚ್‌ಮಾಡ್, 1777, ಓರೆಗೆರೆ ಟಿಎಂಪಿ. ಓರೆಗೆರೆಗೂ ಟಿಎಂಪಿಗೂ ನಡುವೆ ಜಾಗ ಬೇಡ. ಸಿಎಚ್‌ಮಾಡ್ ಎಂಬಲ್ಲಿ ಮಾಡ್ ಎಂದರೆ ಎಂ ಒ ಡಿ, ಕನ್ನಡದ ಮಾಡು ಅಲ್ಲ.

ಇಷ್ಟಾದರೂ ಆಗದಿದ್ದರೆ ಸುಡೊ, ಆಡ್‌ಯೂಸರ್, ಪರೀಕ್ಷೆ ಎಂದು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ಹೊಸ ಬಳಕೆದಾರನನ್ನು ಮಾಡಿ, ಆ ಹೆಸರಿನಿಂದ ಚಿತ್ರದ ಪರದೆಯಲ್ಲಿ ಲಾಗಿನ್ ಮಾಡಿ. ಅವನು ಒಳಗೆ ಹೋದರೆ ತೊಂದರೆ ನಿಮ್ಮ ಹೋಂ ಒಳಗೇ ಇದೆ: ಚುಕ್ಕೆ ಪ್ರೊಫೈಲ್ ಕಡತದಲ್ಲಿ ಯಾರೋ ಸೇರಿಸಿದ ತಪ್ಪು ಸಾಲು ಇರಬಹುದು. ಅವನೂ ಹೊರಗೆ ಬಿದ್ದರೆ ತೊಂದರೆ ಯಂತ್ರದ್ದು. ಲಾಗಿನ್ ಪರದೆಯಲ್ಲಿ ಹಲ್ಲುಚಕ್ರದ ಗುರುತು ಒತ್ತಿ ಬೇರೆ ಡೆಸ್ಕ್‌ಟಾಪ್ ಆರಿಸಿ ನೋಡುವುದನ್ನೂ ಮರೆಯಬೇಡಿ. ತೆಗೆದುಹಾಕಿದ ಡೆಸ್ಕ್‌ಟಾಪಿಗೇ ಅದು ನಿಮ್ಮನ್ನು ಕಳಿಸುತ್ತಿರಬಹುದು.

ಲಾಗಿನ್ ಪರದೆಯೇ ಬರುವುದಿಲ್ಲ. ಚುಕ್ಕೆಗಳು ಓಡುತ್ತವೆ, ಆಮೇಲೆ ಕತ್ತಲು. ಎಫ್3ಕ್ಕೂ ಉತ್ತರವಿಲ್ಲ.

ಕರ್ನಲ್ ಗ್ರಾಫಿಕ್ಸ್ ಚಿಪ್ಪನ್ನು ಕೈಗೆ ತೆಗೆದುಕೊಳ್ಳುವ ಕ್ಷಣದಲ್ಲಿ ಎಡವಿದೆ. ಗ್ರಬ್ ಪಟ್ಟಿಯಲ್ಲಿ ಮೊದಲ ಸಾಲಿನ ಮೇಲೆ ನಿಂತು ಇ ಅಕ್ಷರ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಉದ್ದ ಸಾಲಿನಲ್ಲಿ ಕ್ವಯಟ್, ಸ್ಪ್ಲ್ಯಾಶ್ ಎಂಬ ಎರಡು ಪದಗಳನ್ನು ಅಳಿಸಿ, ಆ ಜಾಗದಲ್ಲಿ ನೋಮೋಡ್‌ಸೆಟ್ ಎಂದು ಒಂದೇ ಪದವಾಗಿ ಬರೆಯಿರಿ. ಕಂಟ್ರೋಲ್ ಎಕ್ಸ್ ಅಥವಾ ಎಫ್10 ಒತ್ತಿದರೆ ಯಂತ್ರ ಏಳುತ್ತದೆ. ಈ ಬದಲಾವಣೆ ಒಂದು ಸಲಕ್ಕೆ ಮಾತ್ರ, ಹೆದರುವುದು ಬೇಡ.

ಪರದೆ ಬಂದರೆ ಚಿತ್ರ ದಪ್ಪ ದಪ್ಪವಾಗಿ, ನಿಧಾನವಾಗಿ ಕಾಣುತ್ತದೆ. ಇದು ಊರುಗೋಲು, ಕಾಲಲ್ಲ. ಇದನ್ನೇ ಶಾಶ್ವತವಾಗಿ ಬರೆದಿಟ್ಟು ಯಂತ್ರ ನಿಧಾನವಾಯಿತು ಎಂದು ವರ್ಷಗಟ್ಟಲೆ ಬೈದುಕೊಂಡವರಿದ್ದಾರೆ. ಒಳಗೆ ಹೋದ ಮೇಲೆ ಕಾರಣ ಹುಡುಕಿ. ವಾರ್ (ವಿ ಎ ಆರ್) ಒಳಗಿನ ಲಾಗ್ ಕಡತಕೋಶದಲ್ಲಿ ಎಕ್ಸ್ಆರ್ಗ್ ಚುಕ್ಕೆ 0 ಚುಕ್ಕೆ ಲಾಗ್ ಎಂಬ ಕಡತವಿದೆ, ಎಕ್ಸ್ ಮಾತ್ರ ದೊಡ್ಡಕ್ಷರ. ಅದರಲ್ಲಿ ಕಂಸದೊಳಗೆ ಎರಡು ಇ ಅಕ್ಷರ ಇರುವ ಸಾಲುಗಳು ಮಾತ್ರ ತಪ್ಪುಗಳು. ಎರಡು ಡಬ್ಲ್ಯು ಇರುವವು ಬರಿಯ ಗೊಣಗಾಟ.

ಅಪ್‌ಡೇಟ್ ಮಾಡಿದ ಮರುದಿನದಿಂದ ಹೀಗಾಗಿದೆ. ನಮ್ಮಲ್ಲಿ ಎನ್‌ವಿಡಿಯಾ ಕಾರ್ಡ್ ಇದೆ.

ಎರಡನೆಯ ವಾಕ್ಯದಲ್ಲೇ ಉತ್ತರವಿದೆ. ಹಳೆಯ ಎನ್‌ವಿಡಿಯಾ ಕಾರ್ಡುಗಳಿಗೆ ಕಂಪನಿಯ ಚಾಲಕ ತಂತ್ರಾಂಶದ ಹಳೆಯ ಸರಣಿಗಳೇ ಬೇಕು: ಜಿಫೋರ್ಸ್ 6 ಮತ್ತು 7ಕ್ಕೆ 304, ಜಿಫೋರ್ಸ್ 8ರಿಂದ 300ರವರೆಗೆ 340, 400 ಮತ್ತು 500ರ ಬಹುತೇಕ ಕಾರ್ಡುಗಳಿಗೆ 390. 340ಕ್ಕೆ ಬೆಂಬಲ 2019ರ ಕೊನೆಗೆ ನಿಂತಿತು, 390ಕ್ಕೆ 2022ರ ಕೊನೆಗೆ. ಅಪ್‌ಡೇಟಿನಲ್ಲಿ ಕರ್ನಲ್ ಹೊಸದಾಗುತ್ತದೆ, ಚಾಲಕ ಅದಕ್ಕೆ ಹೊಂದಿಕೊಳ್ಳುವುದಿಲ್ಲ.

ತಕ್ಷಣದ ಪರಿಹಾರ: ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಿಂದಿನ ಕರ್ನಲ್ ಆರಿಸಿ. ನಿಧಾನದ ಪರಿಹಾರ: ಕಂಪನಿಯ ಚಾಲಕವನ್ನು ತೆಗೆದುಹಾಕಿ, ಕರ್ನಲ್ ಜೊತೆಗೇ ಬರುವ ನೊವೊ ಎಂಬ ಮುಕ್ತ ಚಾಲಕವನ್ನು ನೆಚ್ಚಿಕೊಳ್ಳಿ. ವೇಗ ಕಡಿಮೆ, ಆದರೆ ಪತ್ರ ಬರೆಯಲು, ವಿಡಿಯೊ ನೋಡಲು ಸಾಕು. ತೆಗೆದ ಮೇಲೂ ಪರದೆ ಬಾರದಿದ್ದರೆ ಇಟಿಸಿ ಒಳಗಿನ ಎಕ್ಸ್11 (ದೊಡ್ಡಕ್ಷರದ ಎಕ್ಸ್) ಕಡತಕೋಶದಲ್ಲಿ ಎಕ್ಸ್ಆರ್ಗ್ ಚುಕ್ಕೆ ಕಾನ್ಫ್ ಎಂಬ ಕಡತ ಉಳಿದಿದೆಯೇ ನೋಡಿ. ಈಗಿನ ಎಕ್ಸ್‌ಗೆ ಆ ಕಡತ ಬೇಕಾಗಿಯೇ ಇಲ್ಲ. ಅದು ಇದ್ದರೆ ಮನೆ ಬಿಟ್ಟುಹೋದ ಚಾಲಕನನ್ನೇ ಕರೆಯುತ್ತಾ ಕೂರುತ್ತದೆ. ಹೆಸರು ಬದಲಿಸಿ ಪಕ್ಕಕ್ಕಿಡಿ.

ಎಎಂಡಿ ಕಾರ್ಡಿನವರು ಎಫ್‌ಜಿಎಲ್‌ಆರ್‌ಎಕ್ಸ್ ಎಂಬ ಹಳೆಯ ಚಾಲಕವನ್ನು ಹುಡುಕಲು ಹೋಗಬೇಡಿ. ಉಬುಂಟು ಅದನ್ನು 16.04ರಲ್ಲೇ ಕೈಬಿಟ್ಟಿತು.

ಎಲ್ಲ ಅಕ್ಷರ ದೊಡ್ಡದಾಗಿದೆ. 1024 ಬೈ 768ರ ಮೇಲೆ ಆಯ್ಕೆಯೇ ಇಲ್ಲ.

ಮಾನಿಟರಿನ ಕೇಬಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಿ. ನೀಲಿ ಬಣ್ಣದ ವಿಜಿಎ ತುದಿಯಲ್ಲಿ ಮೂರು ಸಾಲುಗಳಲ್ಲಿ 15 ಸೂಜಿಗಳ ಜಾಗವಿರುತ್ತದೆ. ಮಾನಿಟರ್ ತಾನು ಯಾರು, ತನ್ನ ಅಳತೆ ಎಷ್ಟು ಎಂದು ಕಂಪ್ಯೂಟರಿಗೆ ಹೇಳಿಕೊಳ್ಳುವುದು 12 ಮತ್ತು 15ನೆಯ ಸೂಜಿಗಳ ಮೂಲಕ. ಅವು ಬಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ, ಅಥವಾ ಅಗ್ಗದ ಕೇಬಲಿನಲ್ಲಿ ಇಲ್ಲವೇ ಇಲ್ಲದಿದ್ದರೆ ಎಕ್ಸ್‌ಗೆ ಎದುರಿಗಿರುವವನ ಪರಿಚಯ ಸಿಗುವುದಿಲ್ಲ. ಕ್ಷೇಮವೆಂದು ಸಣ್ಣ ಅಳತೆಯಲ್ಲಿ ನಿಲ್ಲುತ್ತದೆ. 9ನೆಯ ಸೂಜಿ ಇಲ್ಲದಿರುವುದು ಮಾತ್ರ ಮಾಮೂಲು, ಅದನ್ನು ನೋಡಿ ಗಾಬರಿಯಾಗಬೇಡಿ.

ಬೇರೆ ಕೇಬಲ್ ಹಾಕಿ ನೋಡಿದ ಮೇಲೆಯೇ ಪರದೆಯ ಅಳತೆ ಬದಲಿಸುವ ಎಕ್ಸ್‌ರ್ಯಾಂಡ್ಆರ್ ಎಂಬ ಆದೇಶದ ಸಹವಾಸಕ್ಕೆ ಹೋಗಿ. ನಾನು ಒಂದು ಶಾಲೆಯಲ್ಲಿ ಅರ್ಧ ದಿನ ಕುಳಿತು ಆದೇಶಗಳನ್ನು ಬರೆದೆ, ಕೊನೆಗೆ ಪ್ರೊಜೆಕ್ಟರಿನ ಕೇಬಲ್ ಹಾಕಿದ್ದೇ ಸರಿಹೋಯಿತು. ಅಂದಿನಿಂದ ಚೀಲದಲ್ಲಿ ಒಂದು ಒಳ್ಳೆಯ ಕೇಬಲ್ ಇಟ್ಟುಕೊಳ್ಳುತ್ತೇನೆ.

ಮೌಸ್ ಬಾಣ ಕಾಣುತ್ತದೆ, ಹಿನ್ನೆಲೆ ಕಾಣುತ್ತದೆ, ಹೆಸರು ಕೇಳುವ ಚೌಕವೇ ಇಲ್ಲ.

ಬಾಣವನ್ನು ಎಡಕ್ಕೋ ಬಲಕ್ಕೋ ಎಳೆಯುತ್ತಾ ಹೋಗಿ. ಅದು ಪರದೆಯ ಅಂಚು ದಾಟಿ ಮಾಯವಾದರೆ, ಯಂತ್ರ ಇಲ್ಲದ ಎರಡನೆಯ ಮಾನಿಟರನ್ನು ಇದೆ ಎಂದು ನಂಬಿದೆ. ಚೌಕ ಅಲ್ಲಿ ಕುಳಿತಿದೆ. ಆಟಂ ಚಿಪ್ಪಿನ ಸಣ್ಣ ಮೇಜು ಕಂಪ್ಯೂಟರುಗಳಲ್ಲಿ ಇದು ಹೆಚ್ಚು, ಏಕೆಂದರೆ ಲ್ಯಾಪ್‌ಟಾಪ್ ಪರದೆಗೆಂದು ಇಟ್ಟ ಎಲ್‌ವಿಡಿಎಸ್ ಸಂಪರ್ಕವನ್ನು ಖಾಲಿ ಇದ್ದರೂ ಅವು ಹಾಗೆಯೇ ವರದಿ ಮಾಡುತ್ತವೆ. ಸದ್ಯಕ್ಕೆ ಹೆಸರು, ಪಾಸ್‌ವರ್ಡನ್ನು ಕುರುಡಾಗಿ ಟೈಪ್ ಮಾಡಿ ಒಳಗೆ ಹೋಗಿ. ಆಮೇಲೆ ಗ್ರಬ್‌ನ ಲಿನಕ್ಸ್ ಸಾಲಿನಲ್ಲಿ ವಿಡಿಯೊ, ಸಮಚಿಹ್ನೆ, ದೊಡ್ಡಕ್ಷರದಲ್ಲಿ ಎಲ್‌ವಿಡಿಎಸ್, ಅಡ್ಡಗೆರೆ, 1, ಕೋಲನ್ (ಒಂದರ ಮೇಲೊಂದು ಎರಡು ಚುಕ್ಕೆ), ಸಣ್ಣಕ್ಷರದ ಡಿ ಎಂದು ಜಾಗವಿಲ್ಲದೆ ಸೇರಿಸಿದರೆ ಭೂತ ಬಿಡುತ್ತದೆ.

ಲಾಗಿನ್ ಆಯಿತು. ಕೆಳಗಿನ ಪಟ್ಟಿ, ಮೆನು ಎಲ್ಲ ಮಾಯ.

ಮಕ್ಕಳಿರುವ ಲ್ಯಾಬಿನಲ್ಲಿ ವಾರಕ್ಕೊಮ್ಮೆ ಇದು ಇದ್ದದ್ದೇ. ಎಕ್ಸ್‌ಎಫ್‌ಸಿಇಯಲ್ಲಿ ಆಲ್ಟ್ ಎಫ್2 ಒತ್ತಿ ಎಕ್ಸ್‌ಎಫ್‌ಸಿಇ4 ಅಡ್ಡಗೆರೆ ಪ್ಯಾನೆಲ್ ಎಂದು ಹಾಕಿ. ಬಾರದಿದ್ದರೆ ಹೋಂ ಒಳಗಿನ ಚುಕ್ಕೆ ಕಾನ್ಫಿಗ್ ಒಳಗೆ ಎಕ್ಸ್‌ಎಫ್‌ಸಿಇ4 ಎಂಬ ಕಡತಕೋಶದ ಹೆಸರನ್ನು ಬದಲಿಸಿ, ಹೊರಗೆ ಹೋಗಿ ಮತ್ತೆ ಬನ್ನಿ; ಹೊಸ ಮನೆಯಂತೆ ಬರುತ್ತದೆ. ಮಾಟೆ ಎಂಬ ಡೆಸ್ಕ್‌ಟಾಪಿನಲ್ಲಿ ಮಾಟೆ ಅಡ್ಡಗೆರೆ ಪ್ಯಾನೆಲ್, ಎರಡು ಅಡ್ಡಗೆರೆ ರೀಸೆಟ್. ಅಳಿಸಬೇಡಿ, ಹೆಸರು ಬದಲಿಸಿ ಎಂದು ಪದೇ ಪದೇ ಹೇಳುತ್ತೇನೆ. ಕಾರಣ ಇಷ್ಟೇ, ನಾನು ಒಮ್ಮೆ ಅಳಿಸಿದ್ದೇನೆ.

ಕರೆಂಟು ಹೋಗಿ ಬಂದ ಮೇಲೆ ಇನಿಟ್‌ರಾಂಎಫ್‌ಎಸ್ ಎಂದು ಬಂದು ನಿಂತಿದೆ.

ಬರೆಯುತ್ತಿದ್ದ ಕೈಯನ್ನು ಎಳೆದ ಹಾಗಾಗಿದೆ, ಡಿಸ್ಕಿನ ಲೆಕ್ಕ ತಪ್ಪಿದೆ. ಅದೇ ಪರದೆಯಲ್ಲಿ ಮೇಲೆ ಡೆವ್, ಓರೆಗೆರೆ, ಎಸ್‌ಡಿಎ1 ಎಂಬಂಥ ಹೆಸರು ಕಾಣುತ್ತದೆ. ಎಫ್‌ಎಸ್‌ಸಿಕೆ, ಅಡ್ಡಗೆರೆ ವೈ, ಓರೆಗೆರೆ, ಅದಕ್ಕೆ ಅಂಟಿಕೊಂಡು ಆ ಹೆಸರು. ಮುಗಿದ ಮೇಲೆ ರೀಬೂಟ್. ತಿಂಗಳಲ್ಲಿ ಎರಡು ಮೂರು ಸಲ ಇದೇ ಆದರೆ ಡಿಸ್ಕ್ ಹೋಗುವ ಹಂತದಲ್ಲಿದೆ, ಕಡತಗಳನ್ನು ಇಂದೇ ನಕಲು ಮಾಡಿಕೊಳ್ಳಿ.

ಅಪ್‌ಡೇಟ್ ನಡುವೆ ಕರೆಂಟು ಹೋಗಿದ್ದರೆ ಕಪ್ಪು ಪರದೆಯಿಂದ ಸುಡೊ, ಡಿಪಿಕೆಜಿ, ಎರಡು ಅಡ್ಡಗೆರೆ ಕಾನ್ಫಿಗರ್, ಅಡ್ಡಗೆರೆ ಎ. ಅರ್ಧಕ್ಕೆ ನಿಂತ ಕೆಲಸ ಮುಂದುವರಿಯುತ್ತದೆ. ಗುಡುಗಿರುವ ಸಂಜೆ ಅಪ್‌ಡೇಟ್ ಹಾಕುವವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಯಂತ್ರ ಸಿಕ್ಕಿಹಾಕಿಕೊಂಡಾಗಲೂ ಸ್ವಿಚ್ಚಿಗೆ ಕೈ ಹಾಕಬೇಡಿ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು ಎಸ್, ಯು, ಬಿ ಎಂದು ಎರಡೆರಡು ಸೆಕೆಂಡ್ ಬಿಟ್ಟು ಒತ್ತಿ. ಡಿಸ್ಕಿಗೆ ಬರೆಯುವುದನ್ನು ಮುಗಿಸಿ, ಬೀಗ ಹಾಕಿ, ಮತ್ತೆ ಶುರುವಾಗುತ್ತದೆ.

ಗಡಿಯಾರ 2009 ಎನ್ನುತ್ತಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?

ಇದೆ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದೆ. ನಾಣ್ಯದಂಥ 3 ವೋಲ್ಟಿನ ಬ್ಯಾಟರಿ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ದಿನಾಂಕ ಹಿಂದಕ್ಕೆ ಹೋದರೆ ಡಿಸ್ಕ್ ಪರೀಕ್ಷೆ ಗೊಂದಲಕ್ಕೆ ಬೀಳುತ್ತದೆ, ಬ್ರೌಸರ್ ಎಲ್ಲ ತಾಣಗಳನ್ನೂ ಅಸುರಕ್ಷಿತ ಎನ್ನುತ್ತದೆ, ಅಪ್‌ಡೇಟ್ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ ಎಂಬ ತಮಾಷೆಯ ಸಂದೇಶ ಬರುತ್ತದೆ.

ಯಂತ್ರ ಬೀಪ್ ಬೀಪ್ ಎನ್ನುತ್ತದೆ, ಏನೂ ಬರುವುದಿಲ್ಲ. ಲಿನಕ್ಸ್ ಹಾಳಾಗಿದೆಯೇ?

ಲಿನಕ್ಸ್ ಇನ್ನೂ ಎದ್ದೇ ಇಲ್ಲ, ಪಾಪ. ಕರಾವಳಿಯ ತೇವಕ್ಕೆ ರ್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗುತ್ತವೆ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು, ಪಟ್ಟಿ ತೆಗೆದು, ಮಕ್ಕಳ ಬಿಳಿ ರಬ್ಬರಿನಿಂದ ಹಲ್ಲುಗಳನ್ನು ಮೃದುವಾಗಿ ಉಜ್ಜಿ. ಪುಡಿ ಒರೆಸಿ, ಟಕ್ ಎಂದು ಕೂರುವವರೆಗೆ ಒತ್ತಿ ಹಾಕಿ. ಮಳೆಗಾಲದಲ್ಲಿ ಲ್ಯಾಬಿನ ಯಂತ್ರಗಳನ್ನು ವಾರಕ್ಕೆರಡು ಸಲ ಒಂದು ತಾಸು ಓಡಿಸಿದರೆ ಅವುಗಳದೇ ಬಿಸಿಗೆ ತೇವ ಹೋಗುತ್ತದೆ.

ಕನ್ನಡ ಅಕ್ಷರಗಳ ಜಾಗದಲ್ಲಿ ಚೌಕಗಳು ಬರುತ್ತಿವೆ.

ಫಾಂಟ್ ಇಲ್ಲ. ಡೆಬಿಯನ್, ಉಬುಂಟುಗಳಲ್ಲಿ ಫಾಂಟ್ಸ್ ಅಡ್ಡಗೆರೆ ಕೆಎನ್‌ಡಿಎ ಎಂಬ ಪ್ಯಾಕೇಜು ಹಾಕಿ. ಲೋಹಿತ್, ಗುಬ್ಬಿ ಫಾಂಟುಗಳು ಬರುತ್ತವೆ.

ಇಷ್ಟು ಹಳೆಯ ಯಂತ್ರಕ್ಕೆ ಈಗ ಯಾವ ಲಿನಕ್ಸ್ ಹಾಕಬೇಕು?

ಮೊದಲು ಎಲ್‌ಎಸ್‌ಸಿಪಿಯು ಎಂದು ಹಾಕಿ ನೋಡಿ. 32-ಬಿಟ್, 64-ಬಿಟ್ ಎರಡೂ ಇದ್ದರೆ ನಿಮ್ಮದು 64 ಬಿಟ್ಟಿನ ಯಂತ್ರ; ಕೋರ್ 2 ಡ್ಯುಯೊ ಕೂಡ ಹಾಗೆಯೇ. ಯಾರೋ ಹಿಂದೆ 32 ಬಿಟ್ಟಿನ ಲಿನಕ್ಸ್ ಹಾಕಿದ್ದರೆಂದು ಯಂತ್ರವೇ 32 ಎಂದು ತಿಳಿದುಕೊಂಡವರು ಬಹಳ. ಅಂಥದ್ದಕ್ಕೆ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನ ಡೆಬಿಯನ್ ಅಥವಾ ಮಿಂಟ್ ಹಾಕಿ, 2 ಜಿಬಿ ರ್ಯಾಮ್‌ನಲ್ಲಿ ನಡೆಯುತ್ತದೆ. ನಿಜವಾದ 32 ಬಿಟ್ಟಿನದಕ್ಕೆ ದಾರಿ ಕಿರಿದು: ಉಬುಂಟು ಡೆಸ್ಕ್‌ಟಾಪ್ 17.10ರಲ್ಲಿ, ಮಿಂಟ್ 20ರಲ್ಲಿ, ಡೆಬಿಯನ್ 2025ರಲ್ಲಿ ಬಂದ 13ನೆಯ ಆವೃತ್ತಿಯಲ್ಲಿ 32 ಬಿಟ್ಟಿನ ಸ್ಥಾಪನೆಯನ್ನು ಕೈಬಿಟ್ಟವು. 2023ರ ಡೆಬಿಯನ್ 12 ಇನ್ನೂ ಕೂರುತ್ತದೆ. ಗ್ನೋಮ್ ಎಂಬ ಭಾರದ ಡೆಸ್ಕ್‌ಟಾಪ್ ಬೇಡ, ಹಳೆಯ ಚಿಪ್ಪಿನಲ್ಲಿ ಚಿತ್ರದ ಕೆಲಸವೆಲ್ಲ ಪ್ರೊಸೆಸರಿನ ತಲೆಗೆ ಬಂದು ಬಾಣವೇ ತೆವಳುತ್ತದೆ.

ನಿಮಗೆ ಫೋನ್ ಮಾಡುವ ಮೊದಲು ಏನು ನೋಡಿಕೊಂಡಿರಬೇಕು?

ಕ್ಯಾಪ್ಸ್ ಲಾಕ್ ದೀಪ ಹತ್ತುತ್ತದೆಯೇ, ಎಫ್3 ಪರದೆ ಬರುತ್ತದೆಯೇ, ಡಿಎಫ್ ಎಷ್ಟು ಹೇಳಿತು, ಕೊನೆಯ ಸಲ ಸರಿಯಿದ್ದಾಗಿನಿಂದ ಏನು ಬದಲಾಯಿತು. "ಏನೋ ಎರರ್ ಬಂತು" ಎಂದರೆ ನನಗೆ ಏನೂ ಗೊತ್ತಾಗುವುದಿಲ್ಲ; ಪರದೆಯ ಫೋಟೊ ತೆಗೆದು ಕಳಿಸಿ, ಮಸುಕಾಗಿದ್ದರೆ ಇನ್ನೊಂದು ತೆಗೆಯಿರಿ. ಏನನ್ನೂ ಬದಲಿಸಲಿಲ್ಲ ಎಂದು ಹೇಳುವ ಮೊದಲು ಮನೆಯ ಮಕ್ಕಳನ್ನು ಒಮ್ಮೆ ಕೇಳಿ. ರಾತ್ರಿ ಒಂಬತ್ತರ ನಂತರ ಫೋನ್ ತೆಗೆಯುವುದಿಲ್ಲ, ನವೆಂಬರಿನಿಂದ ಮೇವರೆಗೆ ಯಕ್ಷಗಾನದ ಆಟವಿದ್ದ ದಿನ ಸಂಜೆ ಏಳರಿಂದಲೇ.